ಕಲಾವಿದರ ಕೈಗೆ ಹೊಸ ಉಪಕರಣ ಎಲ್ಲಿಂದ ಬರುತ್ತದೆ? ಗ್ರಾಫಿಕ್ಸ್ ಸಂಶೋಧನೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬಯಿಯ ಅನಿಮೇಷನ್ ಸ್ಟುಡಿಯೊಗಳಲ್ಲಿ ಪಾತ್ರಗಳಿಗೆ ಮೂಳೆ, ಕೀಲು ಕೂಡಿಸುವ ಕೆಲಸ ಮಾಡುತ್ತಾ ಬಂದವನು. ನಮ್ಮ ಕಸುಬಿನಲ್ಲಿ ಇದಕ್ಕೆ ರಿಗ್ಗಿಂಗ್ ಎನ್ನುತ್ತಾರೆ. ಭಾನುವಾರ ಮಧ್ಯಾಹ್ನ ಮಾಟುಂಗದ ಒಂದು ಕೋಣೆಯಲ್ಲಿ ಕನ್ನಡದ ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಹಿಡಿದುಕೊಂಡು ಸೇರುತ್ತಾರೆ. ಡೊಂಬಿವಲಿಯಿಂದ, ಮೀರಾ ರೋಡಿನಿಂದ, ವಾಶಿಯಿಂದ ಬರುವವರಿದ್ದಾರೆ. ಪುಣೆ, ಮಡಗಾಂವ್‌ಗಳಿಂದ ಫೋನ್ ಮಾಡುವವರೂ ಇದ್ದಾರೆ. ಅವರು ಮತ್ತು ಅವರ ತಂದೆ ತಾಯಂದಿರು ತಿರುಗಿ ತಿರುಗಿ ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಗ್ರಾಫಿಕ್ಸ್ ಸಂಶೋಧನೆ ಎಂದರೆ ಸಾಫ್ಟ್‌ವೇರ್ ತಯಾರಿಸುವುದೇ ಅಲ್ಲವೇ?

ಎರಡೂ ಬೇರೆ ಬೇರೆ. ಸಾಫ್ಟ್‌ವೇರ್ ತಯಾರಿಸುವವರು ಗುಂಡಿಯನ್ನು ಕೂಡಿಸಿ ಕೊಡುತ್ತಾರೆ. ಆ ಗುಂಡಿ ಒತ್ತಿದಾಗ ಒಳಗೆ ಏನು ನಡೆಯಬೇಕು ಎಂಬುದನ್ನು ಅವರಿಗಿಂತ ಮೊದಲು ಯಾರೋ ತಲೆ ಕೆಡಿಸಿಕೊಂಡು ಕಂಡುಹಿಡಿದಿರುತ್ತಾರೆ. ಆ ಹುಡುಕಾಟವೇ ಗ್ರಾಫಿಕ್ಸ್ ಸಂಶೋಧನೆ.

ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್ ತೆರೆದು ಒಂದು ಗೋಳ ಇಡಿ. ಮೈತುಂಬ ಚಪ್ಪಟೆ ಚೌಕಗಳು ಕಾಣುತ್ತವೆ. ಮೌಸಿನ ಬಲಗುಂಡಿ ಒತ್ತಿ ‘ಶೇಡ್ ಸ್ಮೂತ್’ ಆರಿಸಿ. ಮೈ ನುಣ್ಣಗಾಯಿತು. ಈಗ ಗೋಳದ ಅಂಚನ್ನು ಗಮನವಿಟ್ಟು ನೋಡಿ: ಮೂಲೆಗಳು ಹಾಗೆಯೇ ಉಳಿದಿವೆ. ಆಕಾರ ಒಂದಿಷ್ಟೂ ಬದಲಾಗಿಲ್ಲ, ಬೆಳಕಿನ ಲೆಕ್ಕವಷ್ಟೇ ಬದಲಾಗಿದೆ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ 1971ರಲ್ಲಿ ಆನ್ರಿ ಗುರೋ ಮೂಲೆಗಳಲ್ಲಿ ಮಾತ್ರ ಬೆಳಕನ್ನು ಲೆಕ್ಕ ಹಾಕಿ, ನಡುವಿನ ಜಾಗಕ್ಕೆ ಅದನ್ನು ಹದವಾಗಿ ಹರಡುವ ದಾರಿ ತೋರಿಸಿದರು. ಎರಡು ವರ್ಷಗಳ ನಂತರ ಅಲ್ಲಿಯೇ ವಿಯೆಟ್ನಾಂ ಮೂಲದ ಬುಯಿ ತುವಾಂಗ್ ಫಾಂಗ್ ಬೆಳಕಿನ ಬದಲು ಮೇಲ್ಮೈ ಮುಖಮಾಡಿದ ದಿಕ್ಕನ್ನೇ ಹರಡಿದರು. ಹೊಳೆಯುವ ವಸ್ತುವಿನ ಮೇಲಿನ ಬಿಳಿಯ ಮಿಂಚು ಆಗ ಸರಿಯಾಗಿ ಕೂತಿತು. ಫಾಂಗ್ 1975ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡರು. ‘ಶೇಡ್ ಸ್ಮೂತ್’ ಕಲಿಸುವ ದಿನ ಅವರ ಹೆಸರನ್ನು ಹೇಳದೆ ನಾನು ತರಗತಿ ಮುಗಿಸುವುದಿಲ್ಲ.

ಒಂದು ಸಂಶೋಧನಾ ಪ್ರಬಂಧ ನಮ್ಮ ಕೈಯ ಗುಂಡಿಯಾಗಲು ಎಷ್ಟು ಕಾಲ ಬೇಕು?

ಒಂದು ವರ್ಷವೂ ಆಗಬಹುದು, ಇಪ್ಪತ್ತು ವರ್ಷವೂ ಆಗಬಹುದು.

ನಿಧಾನವಾದದ್ದನ್ನು ಮೊದಲು ಹೇಳುತ್ತೇನೆ. ಎಡ್ ಕ್ಯಾಟ್ಮಲ್ ಮತ್ತು ಜಿಮ್ ಕ್ಲಾರ್ಕ್ 1978ರಲ್ಲಿ ಒಂದು ವಿಧಾನವನ್ನು ಪ್ರಕಟಿಸಿದರು. ಒರಟು ಆಕಾರವೊಂದರ ಪ್ರತಿ ಮುಖವನ್ನೂ ಸೀಳಿ, ಹೊಸ ಬಿಂದುಗಳನ್ನು ಅಕ್ಕಪಕ್ಕದವುಗಳ ಸರಾಸರಿಯಲ್ಲಿ ಕೂರಿಸಿ, ಇದನ್ನೇ ಮತ್ತೆ ಮತ್ತೆ ಮಾಡಿದರೆ ಕೊನೆಗೆ ಕುಂಬಾರನ ಕೈಯಲ್ಲಿ ತೀಡಿದ ಮಡಕೆಯಂತೆ ನಯವಾದ ಮೈ ಸಿಗುತ್ತದೆ. ಉಪಾಯ ಸರಳವಾಗಿಯೇ ಇತ್ತು. ಆದರೂ ಬಹಳ ಕಾಲ ಚಿತ್ರರಂಗ ತೇಪೆಗಳನ್ನು ಹೊಲಿದಂತೆ ಜೋಡಿಸುವ ಬೇರೊಂದು ವಿಧಾನವನ್ನೇ ನೆಚ್ಚಿಕೊಂಡಿತ್ತು. ಪಾತ್ರ ಅಲುಗಾಡಿದರೆ ತೇಪೆಗಳ ನಡುವೆ ಬಿರುಕು ಬಿಡುತ್ತಿತ್ತು. 1997ರಲ್ಲಿ ಪಿಕ್ಸರ್ ಸಂಸ್ಥೆ ಚದುರಂಗವಾಡುವ ಮುದುಕನ ಕಿರುಚಿತ್ರವೊಂದರಲ್ಲಿ ಕ್ಯಾಟ್ಮಲ್, ಕ್ಲಾರ್ಕ್ ಅವರ ವಿಧಾನವನ್ನು ಮುಖಕ್ಕೂ ಕೈಗಳಿಗೂ ಬಳಸಿ ತೋರಿಸಿದ ಮೇಲೆ ಎಲ್ಲರೂ ಅತ್ತ ತಿರುಗಿದರು. 2012ರಲ್ಲಿ ಪಿಕ್ಸರ್ ಅದರ ಕೋಡನ್ನು ‘ಓಪನ್‌ಸಬ್‌ಡಿವ್’ ಎಂಬ ಹೆಸರಿನಲ್ಲಿ ಮುಕ್ತವಾಗಿ ಕೊಟ್ಟಿತು. ಈಗ ನೀವು ಕಂಟ್ರೋಲ್ ಹಿಡಿದು 2 ಒತ್ತುತ್ತೀರಿ, ಮುಗಿಯಿತು.

ಬೇಗನೆ ಬಂದದ್ದಕ್ಕೆ ಉದಾಹರಣೆ ‘ಪ್ಯಾಚ್‌ಮ್ಯಾಚ್’. ಚಿತ್ರದ ಒಂದು ತುಂಡನ್ನು ಹೋಲುವ ಇನ್ನೊಂದು ತುಂಡನ್ನು ಅದೇ ಚಿತ್ರದಲ್ಲಿ ಅತಿ ವೇಗವಾಗಿ ಹುಡುಕುವ ವಿಧಾನ ಇದು. 2009ರಲ್ಲಿ ಪ್ರಬಂಧ ಬಂತು. 2010ರಲ್ಲಿ ಫೋಟೊಶಾಪ್‌ನಲ್ಲಿ, ಬೇಡದ ವಿದ್ಯುತ್ ಕಂಬವನ್ನು ಅಳಿಸಿದರೆ ಹಿಂದಿನ ಆಕಾಶ ತಾನೇ ತುಂಬಿಕೊಳ್ಳುವ ಸೌಲಭ್ಯವಾಗಿ ಎಲ್ಲರ ಕೈಗೆ ಸಿಕ್ಕಿತು. ಬರೆದವರಲ್ಲಿ ಕೆಲವರು ಆ ಸಂಸ್ಥೆಯಲ್ಲಿಯೇ ಇದ್ದರು. ಪ್ರಯೋಗಾಲಯಕ್ಕೂ ಕಾರ್ಖಾನೆಗೂ ನಡುವೆ ಒಂದೇ ಗೋಡೆ ಇದ್ದರೆ ಕೆಲಸ ಬೇಗ ಆಗುತ್ತದೆ.

ಒಂದು ಉದಾಹರಣೆಯನ್ನು ಬಿಡಿಸಿ ತೋರಿಸುತ್ತೀರಾ?

ನನ್ನ ಕೆಲಸದಿಂದಲೇ ಕೊಡುತ್ತೇನೆ. ಯಕ್ಷಗಾನದ ವೇಷಧಾರಿ ಅಭಿನಯದಲ್ಲಿ ಅಂಗೈಯನ್ನು ಕೆಳಮುಖದಿಂದ ಮೇಲ್ಮುಖಕ್ಕೆ ಹೊರಳಿಸುವುದನ್ನು ನೆನೆಸಿಕೊಳ್ಳಿ. ಮೊಣಕೈ ಹೆಚ್ಚು ಅಲುಗುವುದಿಲ್ಲ, ಮುಂಗೈ ತಿರುಚುತ್ತದೆ. ಇದನ್ನು ಕಂಪ್ಯೂಟರಿನಲ್ಲಿ ಮಾಡಿದರೆ ಮಣಿಕಟ್ಟಿನ ಬಳಿ ಚರ್ಮ ಚಾಕೊಲೇಟಿನ ಕಾಗದ ತಿರುಚಿದಂತೆ ಸೊರಗಿ ಹೋಗುತ್ತದೆ. ಹೊಸಬರೆಲ್ಲ ತಮ್ಮದೇ ತಪ್ಪು ಎಂದು ಕೊರಗುತ್ತಾರೆ. ತಪ್ಪು ಲೆಕ್ಕದಲ್ಲಿದೆ.

ಚರ್ಮದ ಪ್ರತಿ ಬಿಂದುವಿಗೂ ಯಾವ ಮೂಳೆಯ ಮಾತನ್ನು ಎಷ್ಟು ಕೇಳಬೇಕು ಎಂದು ಒಂದು ತೂಕ ಕೊಟ್ಟಿರುತ್ತೇವೆ. ಮಣಿಕಟ್ಟಿನ ನಡುವಿನ ಒಂದು ಬಿಂದು ಮುಂಗೈ ಮೂಳೆಯ ಮಾತನ್ನು ಅರ್ಧ, ಅಂಗೈ ಮೂಳೆಯ ಮಾತನ್ನು ಅರ್ಧ ಕೇಳುತ್ತದೆ ಎನ್ನಿ. ಕೈಯ ನಡುರೇಖೆಯಿಂದ ಆ ಬಿಂದು ಒಂದು ಅಂಗುಲ ಮೇಲಿದೆ. ಅಂಗೈ 180 ಡಿಗ್ರಿ ತಿರುಗಿತು. ಮುಂಗೈ ಮೂಳೆ ‘ನೀನು ಒಂದು ಅಂಗುಲ ಮೇಲೆಯೇ ಇರು’ ಎನ್ನುತ್ತದೆ. ಅಂಗೈ ಮೂಳೆ ‘ಒಂದು ಅಂಗುಲ ಕೆಳಗೆ ಬಾ’ ಎನ್ನುತ್ತದೆ. ಮೇಲೆ ಒಂದು, ಕೆಳಗೆ ಒಂದು, ಸರಾಸರಿ ಸೊನ್ನೆ. ಬಿಂದು ನಡುರೇಖೆಗೆ ಬಂದು ಬೀಳುತ್ತದೆ. ಸುತ್ತಲಿನ ಎಲ್ಲ ಬಿಂದುಗಳ ಗತಿಯೂ ಇದೇ, ಆದ್ದರಿಂದ ಮಣಿಕಟ್ಟೇ ಮಾಯ.

2007ರಲ್ಲಿ ಲಾಡಿಸ್ಲಾವ್ ಕವಾನ್ ಮತ್ತು ಸಂಗಡಿಗರು ಸ್ಥಾನಗಳ ಸರಾಸರಿ ಬಿಟ್ಟು ತಿರುಗುವಿಕೆಯ ಸರಾಸರಿಯನ್ನೇ ತೆಗೆಯುವ ವಿಧಾನವನ್ನು ಮುಂದಿಟ್ಟರು. ಸೊನ್ನೆ ಡಿಗ್ರಿ ಮತ್ತು 180 ಡಿಗ್ರಿಗಳ ನಡುವೆ 90 ಡಿಗ್ರಿ. ಬಿಂದು ಪಕ್ಕಕ್ಕೆ ತಿರುಗುತ್ತದೆ, ಆದರೆ ನಡುರೇಖೆಯಿಂದ ಅದೇ ಒಂದು ಅಂಗುಲ ದೂರದಲ್ಲಿರುತ್ತದೆ. ಮಣಿಕಟ್ಟು ಉಳಿಯಿತು. ಇದರ ಗಣಿತಕ್ಕೆ ‘ಡ್ಯುಯಲ್ ಕ್ವಾಟರ್ನಿಯನ್’ ಎಂಬ ಹೆಸರಿದೆ. ಬ್ಲೆಂಡರ್‌ನ ಮೂಳೆಗಳಿಗೆ ಚರ್ಮವನ್ನು ಕಟ್ಟುವ ಆರ್ಮೇಚರ್ ಮಾಡಿಫೈಯರ್‌ನಲ್ಲಿರುವ ‘ಪ್ರಿಸರ್ವ್ ವಾಲ್ಯೂಮ್’ ಎಂಬ ಪುಟ್ಟ ಚೌಕ ಈ ಕೆಲಸಕ್ಕೇ ಇರುವುದು. ಹಾಗೆಂದು ಅದನ್ನು ಎಲ್ಲ ಕಡೆಯೂ ಒತ್ತಬೇಡಿ. ಮೊಣಕೈ ಮಡಚಿದರೆ ಹೊರಬದಿಯಲ್ಲಿ ಗಂಟು ಕಟ್ಟಿದಂತೆ ಉಬ್ಬು ಬರುತ್ತದೆ. ಆ ಉಬ್ಬಿನ ಬಗ್ಗೆ ರಿಗ್ಗರ್‌ಗಳು ದೂರುತ್ತಲೇ ಇದ್ದರು. 2016ರಲ್ಲಿ ಬಿನ್ ಹುಯ್ ಲೆ ಮತ್ತು ಜೆಸಿಕಾ ಹಾಡ್ಜಿನ್ಸ್ ಪ್ರತಿ ಬಿಂದುವಿಗೂ ತಕ್ಕ ತಿರುಗುವ ಕೇಂದ್ರವನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವ ಇನ್ನೊಂದು ವಿಧಾನವನ್ನು ತಂದರು.

ನೋಡಿ, ಸೊರಗಿದ ಮಣಿಕಟ್ಟು ಒಂದು ಪ್ರಬಂಧಕ್ಕೆ ಕಾರಣವಾಯಿತು, ಉಬ್ಬಿದ ಮೊಣಕೈ ಇನ್ನೊಂದಕ್ಕೆ. ಕಲಾವಿದನ ದೂರಿನಿಂದಲೇ ಉಪಕರಣ ಹುಟ್ಟುತ್ತದೆ ಎಂದು ನಾನು ಗಟ್ಟಿಯಾಗಿ ನಂಬುವುದು ಇದಕ್ಕಾಗಿ.

ಯಕ್ಷಗಾನದ ವೇಷ ಮಾಡಲು ಹೋದರೆ ಬಟ್ಟೆ ಚೆಲ್ಲಾಪಿಲ್ಲಿಯಾಗಿ ಹಾರಿಹೋಗುತ್ತದೆ. ಏಕೆ?

ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದು ಆಡುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಒಬ್ಬರಾದರೂ ಬಡಗುತಿಟ್ಟಿನ ಮಂಡಿ ಕುಣಿತವನ್ನು ಅನಿಮೇಟ್ ಮಾಡಲು ಹೊರಡುತ್ತಾರೆ. ಮೊಣಕಾಲಿನ ಮೇಲೆ ಗಿರಗಿರನೆ ಸುತ್ತುವ ಪಾತ್ರ, ಚೌಕುಳಿಯ ಕಸೆ ಸೀರೆ, ಸೊಂಟದ ಸುತ್ತ ಪದರ ಪದರ ಬಟ್ಟೆ. ಕಂಪ್ಯೂಟರಿನಲ್ಲಿ ಮೂರನೆಯ ಸುತ್ತಿಗೆ ಸೀರೆ ಸಿಡಿಯುತ್ತದೆ.

ಕಂಪ್ಯೂಟರ್ ಬಟ್ಟೆಯನ್ನು ಸಣ್ಣ ಸಣ್ಣ ಸ್ಪ್ರಿಂಗ್‌ಗಳ ಬಲೆ ಎಂದು ತಿಳಿಯುತ್ತದೆ. ಈ ಕ್ಷಣದ ಎಳೆತ ನೋಡಿ, ಮುಂದಿನ ಕ್ಷಣಕ್ಕೆ ಬಿಂದುವನ್ನು ಸರಿಸುತ್ತದೆ. ಕ್ಷಣ ತೀರಾ ದೊಡ್ಡದಾದರೆ ಬಿಂದು ತಲುಪಬೇಕಾದ ಜಾಗವನ್ನು ದಾಟಿ ಆಚೆ ಹೋಗುತ್ತದೆ. ಆಗ ಸ್ಪ್ರಿಂಗ್ ಇನ್ನೂ ಜೋರಾಗಿ ಹಿಂದಕ್ಕೆ ಎಳೆಯುತ್ತದೆ, ಬಿಂದು ಈಚೆ ಬದಿಗೆ ಇನ್ನೂ ದೂರ ಬೀಳುತ್ತದೆ. ಹತ್ತು ಹೆಜ್ಜೆಯೊಳಗೆ ಸೀರೆ ಆಕಾಶ ಮುಟ್ಟಿರುತ್ತದೆ. ಸೀರೆಯ ನೂಲು ಹಿಗ್ಗುವುದಿಲ್ಲವಲ್ಲ, ಅಂದರೆ ಸ್ಪ್ರಿಂಗ್ ಬಹಳ ಬಿಗಿ; ಬಿಗಿಯಾದಷ್ಟೂ ಹೆಜ್ಜೆ ಚಿಕ್ಕದಿರಬೇಕು.

ಡೇವಿಡ್ ಬರಾಫ್ ಮತ್ತು ಆಂಡ್ರೂ ವಿಟ್ಕಿನ್ 1998ರಲ್ಲಿ ಈ ಗಂಟನ್ನು ಬಿಡಿಸಿದರು. ಈಗಿನ ಎಳೆತ ನೋಡಿ ಮುಂದೆ ಹೋಗುವ ಬದಲು, ಮುಂದಿನ ಕ್ಷಣದಲ್ಲಿ ಎಲ್ಲ ಎಳೆತಗಳೂ ಹೊಂದಿಕೊಳ್ಳುವ ಸ್ಥಾನ ಯಾವುದು ಎಂದು ಸಮೀಕರಣ ಬಿಡಿಸಿ ಹುಡುಕಬೇಕು. ಪ್ರತಿ ಹೆಜ್ಜೆಗೂ ಶ್ರಮ ಹೆಚ್ಚು, ಆದರೆ ಹೆಜ್ಜೆಗಳು ಕಡಿಮೆ ಸಾಕು. 2006ರಲ್ಲಿ ಮಥಿಯಾಸ್ ಮ್ಯೂಲರ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು: ಬಲದ ಮಾತೇ ಬೇಡ, ಬಿಂದುಗಳನ್ನು ನೇರವಾಗಿ ನೂಲಿನ ಅಳತೆಗೆ ತಂದು ಕೂರಿಸಿ. ಭೌತಶಾಸ್ತ್ರದ ದೃಷ್ಟಿಯಿಂದ ಅಷ್ಟು ಶುದ್ಧವಲ್ಲ, ಆದರೆ ಸಿಡಿಯುವುದಿಲ್ಲ, ವೇಗವಾಗಿಯೂ ಇದೆ. ಅದನ್ನು ತಿದ್ದಿದ 2016ರ ರೂಪವೇ ಹೂಡಿನಿ ಸಾಫ್ಟ್‌ವೇರಿನ ‘ವೆಲ್ಲಮ್’ ಎಂಬ ಬಟ್ಟೆಯ ಉಪಕರಣದ ಒಳಗೆ ಕೂತಿರುವುದು.

ಕೈಯಲ್ಲಿರುವ ಪರಿಹಾರ ಹೇಳಬೇಕೆಂದರೆ, ಬ್ಲೆಂಡರ್‌ನ ಬಟ್ಟೆಯ ಆಯ್ಕೆಗಳಲ್ಲಿ ‘ಕ್ವಾಲಿಟಿ ಸ್ಟೆಪ್ಸ್’ ಅಂಕಿಯನ್ನು ಏರಿಸಿ. ಒಂದು ಫ್ರೇಮನ್ನು ಇನ್ನಷ್ಟು ಚೂರು ಮಾಡಿ ಲೆಕ್ಕ ಹಾಕು ಎಂದು ಹೇಳಿದಂತೆ. ಜೊತೆಗೆ, ಪಾತ್ರ ನಿಂತಲ್ಲಿಂದ ಒಮ್ಮೆಗೇ ಸುತ್ತದಿರಲಿ. ಮೊದಲಿನ ಇಪ್ಪತ್ತು ಫ್ರೇಮುಗಳಲ್ಲಿ ವೇಗ ಮೆಲ್ಲಗೆ ಏರಲಿ. ನಿಜವಾದ ಕಲಾವಿದನೂ ಹಾಗೆಯೇ ಸುತ್ತು ಹಿಡಿಯುವುದು.

ನನಗೆ ಗಣಿತ ಬರುವುದಿಲ್ಲ. ಇದೆಲ್ಲ ನನಗೆ ಒಗ್ಗುತ್ತದೆಯೇ?

ಮೇಲಿನ ಮಣಿಕಟ್ಟಿನ ಲೆಕ್ಕ ಅರ್ಥವಾಯಿತೇ? ಹಾಗಿದ್ದರೆ ಒಗ್ಗುತ್ತದೆ. ಸಂಶೋಧಕರಾಗಲು ರೇಖೀಯ ಬೀಜಗಣಿತ, ಕಲನಶಾಸ್ತ್ರ, ಸಂಭವನೀಯತೆ ಬೇಕೇ ಬೇಕು. ಅವರ ಉಪಕರಣವನ್ನು ಚೆನ್ನಾಗಿ ಬಳಸಲು, ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ಹೇಳಲು, ಸರಾಸರಿ, ಕೋನ, ದಿಕ್ಕು ಇಷ್ಟು ತಿಳಿದರೆ ಬಹುದೂರ ಹೋಗಬಹುದು.

ಕೆನ್ ಪರ್ಲಿನ್ ಅವರ ಕಥೆಯನ್ನು ಇಲ್ಲಿ ಹೇಳಲೇಬೇಕು. 1982ರಲ್ಲಿ ತೆರೆಕಂಡ, ಕಂಪ್ಯೂಟರ್ ಚಿತ್ರಗಳನ್ನು ಹೇರಳವಾಗಿ ಬಳಸಿದ ಹಾಲಿವುಡ್ ಚಿತ್ರವೊಂದಕ್ಕೆ ಕೆಲಸ ಮಾಡಿದ ಮೇಲೆ, ಎಲ್ಲವೂ ಯಂತ್ರದಿಂದ ಎರಕ ಹೊಯ್ದಂತೆ ಕಾಣುತ್ತದೆ ಎಂಬ ಅಸಮಾಧಾನ ಅವರನ್ನು ಕಾಡಿತು. ಮೋಡ, ಕಲ್ಲು, ಮರದ ಎಳೆಗಳಲ್ಲಿರುವ ಏರುಪೇರು ಅಡ್ಡಾದಿಡ್ಡಿಯೂ ಅಲ್ಲ, ಕ್ರಮಬದ್ಧವೂ ಅಲ್ಲ. ಅಂಥ ಏರುಪೇರನ್ನು ಹುಟ್ಟಿಸುವ ಸೂತ್ರವನ್ನು ಅವರು 1985ರಲ್ಲಿ ಪ್ರಕಟಿಸಿದರು. 1997ರಲ್ಲಿ ಅದಕ್ಕೆ ಆಸ್ಕರ್ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂತು. ಶುರುವಾದದ್ದು ಗಣಿತದಿಂದಲ್ಲ, ‘ಇದು ಕಣ್ಣಿಗೆ ಹಿತವಾಗಿಲ್ಲ’ ಎಂಬ ಮಾತಿನಿಂದ.

ಸಂಶೋಧಕರು ಕಲಾವಿದರ ಮಾತನ್ನು ನಿಜವಾಗಿ ಕೇಳುತ್ತಾರೆಯೇ?

ಎಲ್ಲರೂ ಅಲ್ಲ. ಕೇಳಿದವರ ಕೆಲಸ ಉಳಿಯುತ್ತದೆ.

2012ರಲ್ಲಿ ಡಿಸ್ನಿಯ ಬ್ರೆಂಟ್ ಬರ್ಲಿ ವಿವರಿಸಿದ ಮೆಟೀರಿಯಲ್ ಮಾದರಿ, ಅಂದರೆ ವಸ್ತುವಿನ ಮೇಲ್ಮೈ ಹೇಗೆ ಕಾಣಬೇಕೆಂದು ಹೇಳುವ ಲೆಕ್ಕ, ಇದಕ್ಕೆ ಸಾಕ್ಷಿ. ಅದಕ್ಕಿಂತ ಮೊದಲು ಲೋಹ, ಪ್ಲಾಸ್ಟಿಕ್, ಬಟ್ಟೆ ಒಂದೊಂದಕ್ಕೂ ಭೌತಶಾಸ್ತ್ರದ ಪುಸ್ತಕದಿಂದ ಎತ್ತಿದ ಅಂಕಿಗಳನ್ನು ತುಂಬಬೇಕಾಗುತ್ತಿತ್ತು. ಬರ್ಲಿ ಒಂದು ಬಣ್ಣ ಮತ್ತು ಹತ್ತು ಅಂಕಿಗಳನ್ನು ಮಾತ್ರ ಇಟ್ಟುಕೊಂಡರು. ಪ್ರತಿ ಅಂಕಿಯೂ ಸೊನ್ನೆಯಿಂದ ಒಂದರವರೆಗೆ. ಯಾವುದನ್ನು ಹೇಗೆ ಸರಿಸಿದರೂ ನಂಬುವಂಥ ಮೇಲ್ಮೈ ಬರಬೇಕು. ಹೆಸರುಗಳು ಕಣ್ಣಿಗೆ ಕಾಣುವ ಗುಣದ ಹೆಸರುಗಳಾಗಿರಬೇಕು. ಭೌತಶಾಸ್ತ್ರಕ್ಕೆ ತುಸು ಅಪಚಾರವಾದರೂ ಸರಿ, ಕಲಾವಿದನ ಕೈಗೆ ಹಿತವಾಗಿರಲಿ ಎಂಬ ನಿಲುವು ಅದು. 2017ರಲ್ಲಿ ಬ್ಲೆಂಡರ್‌ಗೆ ‘ಪ್ರಿನ್ಸಿಪಲ್ಡ್’ ಹೆಸರಿನಲ್ಲಿ ಬಂತು. ಅದರ ‘ಶೀನ್’ ಎಂಬ ಅಂಕಿಯನ್ನು ಸ್ವಲ್ಪ ಏರಿಸಿ ನೋಡಿ: ಸೀರೆಯ ಅಂಚಿನಲ್ಲಿ, ನೂಲಿನ ರೋಮಗಳು ಬೆಳಕು ಹಿಡಿದಾಗ ಬರುವ ಆ ಮಸುಕು ಹೊಳಪು ಕಾಣಿಸುತ್ತದೆ.

ಎಲ್ಲವೂ ನಿಜದಂತೆಯೇ ಕಾಣಬೇಕೆ? ನನಗೆ ಗೆರೆಯ ಚಿತ್ರ ಇಷ್ಟ.

ಬೇಡ, ಬೇಡ! ಇದನ್ನು ಕೇಳಿದವಳು ಪಣಜಿಯ ಫೌಂಟೇನ್ಹಾಸ್ ಓಣಿಯ ಮನೆಗಳನ್ನು ಶಾಯಿಯಲ್ಲಿ ಬರೆಯುವ ಹುಡುಗಿ. 3ಡಿ ಆಕಾರದಿಂದ ಕಲಾವಿದ ಎಳೆಯುವಂಥ ಗೆರೆಯನ್ನು ತೆಗೆಯುವುದೇ ಸಂಶೋಧನೆಯ ಒಂದು ದೊಡ್ಡ ಕವಲು. ಹೊರಅಂಚಿನ ಗೆರೆ ಸುಲಭ. ಕೆನ್ನೆಯ ಮಡಿಕೆಯ, ಬಟ್ಟೆಯ ಸುಕ್ಕಿನ ಗೆರೆ ಎಲ್ಲಿ ಬರಬೇಕು? 2003ರಲ್ಲಿ ಡಗ್ ಡಿಕಾರ್ಲೊ ಮತ್ತು ಸಂಗಡಿಗರು ಕೊಟ್ಟ ಉತ್ತರ ನನಗೆ ಬಹಳ ಮೆಚ್ಚುಗೆ: ನೋಡುವ ಕಣ್ಣು ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ಎಲ್ಲಿ ಅಂಚು ಮೂಡುತ್ತಿತ್ತೋ ಅಲ್ಲಿ ಗೆರೆ ಎಳೆಯಿರಿ. ಡಿಸ್ನಿ 2012ರಲ್ಲಿ ‘ಮಿಯಾಂಡರ್’ ಎಂಬ ಉಪಕರಣ ಕಟ್ಟಿ, ಕೈಯಿಂದ ಎಳೆದ ಗೆರೆ 3ಡಿ ಪಾತ್ರದ ಚಲನೆಗೆ ಅಂಟಿಕೊಂಡು ಸಾಗುವಂತೆ ಮಾಡಿತು. ಅದರಿಂದ ಬಂದ ಕಿರುಚಿತ್ರ ಆಸ್ಕರ್ ಪಡೆಯಿತು. ನಿಮಗೆ ಬ್ಲೆಂಡರ್‌ನ ಗ್ರೀಸ್ ಪೆನ್ಸಿಲ್ ಮತ್ತು ಲೈನ್ ಆರ್ಟ್ ಎಂಬ ಗೆರೆಯ ಉಪಕರಣಗಳು ಸದ್ಯಕ್ಕೆ ಸಾಕು.

ತೊಗಲು ಗೊಂಬೆಯ ಬಣ್ಣ ದೀಪದ ಮುಂದೆ ಬೆಳಗುವುದನ್ನು ಕಂಪ್ಯೂಟರಿನಲ್ಲಿ ತರಬಹುದೇ?

ತರಬಹುದು. ಬೆಳಕು ಚರ್ಮದ ಮೇಲೆ ಬಿದ್ದು ಅಲ್ಲಿಂದಲೇ ಚಿಮ್ಮುವುದಿಲ್ಲ. ಒಳಗೆ ಹೊಕ್ಕು, ಅಲೆದು, ಬೇರೊಂದು ಜಾಗದಿಂದ ಹೊರಬರುತ್ತದೆ. ಹಾಲು, ಅಮೃತಶಿಲೆ, ನಮ್ಮ ಕೆನ್ನೆ ಎಲ್ಲವೂ ಹೀಗೆಯೇ. 2001ರಲ್ಲಿ ಹೆನ್ರಿಕ್ ವಾನ್ ಯೆನ್ಸೆನ್ ಮತ್ತು ಮೂವರು ಸಂಗಡಿಗರು ಈ ಅಲೆದಾಟವನ್ನು ಅಗ್ಗದ ಲೆಕ್ಕಕ್ಕೆ ಇಳಿಸಿದರು. ಅಲ್ಲಿಂದೀಚೆಗೆ ಪಾತ್ರಗಳ ಮುಖ ಗಟ್ಟಿ ಪ್ಲಾಸ್ಟಿಕ್ ಗೊಂಬೆಯಂತೆ ಕಾಣುವುದು ತಪ್ಪಿತು. ತೊಗಲು ಗೊಂಬೆ ತೆಳ್ಳಗಿರುವುದರಿಂದ ನಿಮಗೆ ಅಷ್ಟೂ ಬೇಡ, ‘ಟ್ರಾನ್ಸ್‌ಲೂಸೆಂಟ್’ ಶೇಡರ್ ಸಾಕಾಗುತ್ತದೆ. ಗೊಂಬೆಯ ಕೀಲುಗಳಲ್ಲಿ ಎರಡು ತೊಗಲು ಒಂದರ ಮೇಲೊಂದು ಬರುವೆಡೆ ಬಣ್ಣ ಕಪ್ಪಾಗುತ್ತದೆ. ಅದನ್ನು ಬಿಟ್ಟರೆ ಗೊಂಬೆ ಪ್ಲಾಸ್ಟಿಕ್ ಎನಿಸುತ್ತದೆ.

ರೆಂಡರ್‌ಗೆ (ದೃಶ್ಯವನ್ನು ಲೆಕ್ಕ ಹಾಕಿ ಕೊನೆಯ ಚಿತ್ರ ತೆಗೆಯಲು) ಇಷ್ಟು ಹೊತ್ತು ಏಕೆ? ಚಿತ್ರದಲ್ಲಿ ಮರಳು ಎರಚಿದಂತೆ ಕಾಳುಗಳೇಕೆ?

1986ರಲ್ಲಿ ಜೇಮ್ಸ್ ಕಜಿಯಾ ಬೆಳಕಿನ ಓಡಾಟವನ್ನೆಲ್ಲ ಒಂದೇ ಸಮೀಕರಣದಲ್ಲಿ ಬರೆದರು. ಅದನ್ನು ಪೂರ್ತಿ ಬಿಡಿಸಲಾಗದೆ ಕಂಪ್ಯೂಟರ್ ಅಲ್ಲೊಂದು ಇಲ್ಲೊಂದು ಕಿರಣ ಕಳುಹಿಸಿ ಅಂದಾಜು ಮಾಡುತ್ತದೆ. ಅಂದಾಜಿನ ತಪ್ಪೇ ಆ ಕಾಳುಗಳು. ಕಾಳು ಅರ್ಧಕ್ಕೆ ಇಳಿಯಬೇಕಾದರೆ ಕಿರಣಗಳು ನಾಲ್ಕು ಪಟ್ಟು ಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ 64 ಸ್ಯಾಂಪಲ್‌ಗೆ, ಅಂದರೆ ಚಿತ್ರದ ಪ್ರತಿ ಚುಕ್ಕೆಗೂ 64 ಕಿರಣಗಳಿಗೆ, 4 ನಿಮಿಷವಾದರೆ 256ಕ್ಕೆ 16 ನಿಮಿಷ, 1024ಕ್ಕೆ 64 ನಿಮಿಷ. ಸೆಕೆಂಡಿಗೆ 24 ಫ್ರೇಮ್. 1024 ಸ್ಯಾಂಪಲ್ ಇಟ್ಟರೆ ಒಂದು ಸೆಕೆಂಡಿನ ಚಿತ್ರಕ್ಕೆ ಇಪ್ಪತ್ತೈದೂವರೆ ಗಂಟೆಗೂ ಹೆಚ್ಚು!

ಇದರಿಂದ ಪಾರುಮಾಡಿದ್ದು ಕಾಳು ತೆಗೆಯುವ ನರಜಾಲಗಳು, ಅಂದರೆ ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಮುಗಳು. ಕಾಳಿರುವ ಚಿತ್ರ, ಸ್ವಚ್ಛ ಚಿತ್ರ ಎರಡನ್ನೂ ಜೋಡಿ ಜೋಡಿಯಾಗಿ ತೋರಿಸಿ ಕಲಿಸಿದ ಇಂಥದ್ದೊಂದನ್ನು ಇಂಟೆಲ್ 2019ರಲ್ಲಿ ಮುಕ್ತವಾಗಿ ಬಿಟ್ಟಿತು; ಅದೇ ವರ್ಷ ಬ್ಲೆಂಡರ್ 2.81ರಲ್ಲಿ ಸೇರಿತು. ಬಾಡಿಗೆ ಕೋಣೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕಿರುಚಿತ್ರ ಮಾಡುವ ಹುಡುಗನಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಸಂಶೋಧನೆಯೂ ಮಾಡಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಒಂದು ಎಚ್ಚರಿಕೆ: ಜರಿಯ ಮಿನುಗನ್ನೂ ಅದು ಕಾಳೆಂದು ತಿಳಿದು ಒರೆಸಿಬಿಡುತ್ತದೆ. ಜರಿಗೆ ಬೇರೆ ಪದರ ಮಾಡಿ ಹೆಚ್ಚು ಸ್ಯಾಂಪಲ್ ಕೊಡಿ.

ಎಐ ಬಂದ ಮೇಲೆ ನಮ್ಮ ಮಕ್ಕಳಿಗೆ ಕೆಲಸ ಉಳಿಯುತ್ತದೆಯೇ?

ತಂದೆ ತಾಯಂದಿರ ಮೊದಲ ಪ್ರಶ್ನೆ ಇದೇ. ಆತಂಕಕ್ಕೆ ಕಾರಣವಿದೆ. ಫ್ರೇಮ್ ಫ್ರೇಮಿಗೂ ನಟನ ಸುತ್ತ ಗೆರೆ ಎಳೆದು ಕತ್ತರಿಸುವ ರೋಟೊ ಕೆಲಸ, ಬೇಡದ ತಂತಿ ಅಳಿಸುವ ಕೆಲಸ ಭಾರತದ ಸ್ಟುಡಿಯೊಗಳಲ್ಲಿ ಸಾವಿರಾರು ಯುವಕರಿಗೆ ಮೊದಲ ಸಂಬಳ ಕೊಟ್ಟಿವೆ. ಅಂಥ ಕೆಲಸದ ದೊಡ್ಡ ಪಾಲನ್ನು ಯಂತ್ರ ಕಲಿಯುತ್ತಿದೆ. ಅದೊಂದನ್ನೇ ಕಲಿತು ನಿಲ್ಲಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಹೊಸ ಉಪಕರಣ ಬಂದಾಗಲೆಲ್ಲ ನಾನು ಎರಡು ವಿಷಯ ನೋಡುತ್ತೇನೆ. ಮೊದಲನೆಯದು, ನಿರ್ದೇಶಕರು ‘ಎಡಹುಬ್ಬು ಮಾತ್ರ ಸ್ವಲ್ಪ ತಡವಾಗಿ ಏಳಲಿ’ ಎಂದರೆ ಅಷ್ಟನ್ನೇ ತಿದ್ದಲು ಬರುತ್ತದೆಯೇ? ಕಾಳು ತೆಗೆಯುವ ನರಜಾಲ ಕಲಾವಿದನ ತೀರ್ಮಾನಗಳನ್ನು ಮುಟ್ಟುವುದಿಲ್ಲ. ಒಂದು ಸಾಲು ಬರೆದರೆ ಇಡೀ ದೃಶ್ಯವನ್ನೇ ಉಗುಳುವ ಯಂತ್ರ ಎಲ್ಲ ತೀರ್ಮಾನಗಳನ್ನೂ ತಾನೇ ಮಾಡಿ ಮುಗಿಸಿರುತ್ತದೆ. ಎರಡನೆಯದು, ಅದು ಯಾರ ಚಿತ್ರಗಳಿಂದ ಕಲಿತಿದೆ, ಅವರನ್ನು ಕೇಳಿದ್ದಾರೆಯೇ? ಈ ಎರಡನೆಯ ಪ್ರಶ್ನೆಗೆ ನೇರ ಉತ್ತರ ಸಿಗದ ಉಪಕರಣವನ್ನು ನಾನು ತರಗತಿಯಲ್ಲಿ ಕಲಿಸುವುದಿಲ್ಲ.

ಮುಂಬಯಿ, ಪುಣೆ, ಗೋವೆಗಳಲ್ಲಿ ಇಂಥ ಸಂಶೋಧನೆ ಎಲ್ಲಿ ನಡೆಯುತ್ತದೆ?

ಪೊವಾಯಿಯ ಐಐಟಿ ಬಾಂಬೆಯ ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಗ್ರಾಫಿಕ್ಸ್ ಮತ್ತು ವಿಷನ್ ಪ್ರಯೋಗಾಲಯವಿದೆ. ಅದೇ ಆವರಣದಲ್ಲಿ 1969ರಲ್ಲಿ ಹುಟ್ಟಿದ ಐಡಿಸಿ ವಿನ್ಯಾಸ ಶಾಲೆಯಲ್ಲಿ ಅನಿಮೇಷನ್ ಕಲಿಸುತ್ತಾರೆ. ಗಣಿತದವರೂ ಕುಂಚದವರೂ ಒಂದೇ ಆವರಣದಲ್ಲಿರುವುದು ದೊಡ್ಡ ಭಾಗ್ಯ. ಪುಣೆಯಲ್ಲಿ ಚಲನಚಿತ್ರ ಕಲಿಸುವ ಎಫ್‌ಟಿಐಐ ಮತ್ತು 1964ರಿಂದಿರುವ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇವೆ. ಹಳೆಯ ರೀಲುಗಳ ಗೀರು, ಕಲೆಗಳನ್ನು ಅಳಿಸುವ ಕೆಲಸವೂ ಗ್ರಾಫಿಕ್ಸ್ ಸಂಶೋಧನೆಯ ಫಲವೇ. ಗೋವೆಯವರು 2004ರಿಂದ ಪಣಜಿಯಲ್ಲಿ ನಡೆಯುವ ಇಫಿ ಚಿತ್ರೋತ್ಸವಕ್ಕೆ ಹೋಗಿ ಅನಿಮೇಷನ್ ಚಿತ್ರಗಳನ್ನು ತಪ್ಪದೆ ನೋಡಲಿ.

ಅಕ್ಷರಗಳ ವಿಷಯಕ್ಕೆ ಮುಂಬಯಿ, ಪುಣೆಗಳ ಋಣ ನಮ್ಮ ಮೇಲಿದೆ. 1988ರಲ್ಲಿ ಪುಣೆಯಲ್ಲಿ ಆರಂಭವಾದ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ತನ್ನ ಜಿಸ್ಟ್ ತಂತ್ರಜ್ಞಾನದಿಂದ ಭಾರತೀಯ ಲಿಪಿಗಳನ್ನು ಕಂಪ್ಯೂಟರಿನ ತೆರೆಗೆ ತಂದಿತು. ವಿಂಡೋಸ್‌ನಲ್ಲಿ ಬಂದ ಭಾರತೀಯ ಅಕ್ಷರಶೈಲಿಗಳಲ್ಲಿ ದೊಡ್ಡ ಪಾಲು ಆರ್.ಕೆ. ಜೋಶಿ ಅವರದು, ಅವರು ಆ ಕೆಲಸ ಮಾಡಿದ್ದು ಜುಹುವಿನ ಎನ್‌ಸಿಎಸ್‌ಟಿ ಎಂಬ ಸರ್ಕಾರಿ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರದಲ್ಲಿ. ಫ್ರಾನ್ಸಿನ ಕಾರು ಕಂಪನಿಗಳಾದ ಸಿಟ್ರೋಯೆನ್ ಮತ್ತು ರೆನೋದಲ್ಲಿ ಪಾಲ್ ದ ಕಾಸ್ಟೆಲ್‌ಜೋ, ಪಿಯೆರ್ ಬೆಜಿಯೆ ಕಾರಿನ ಮೈಮಾಟಕ್ಕಾಗಿ ಕಂಡುಕೊಂಡ ವಕ್ರರೇಖೆಯೇ ಇಂದು ನಮ್ಮ ‘ಅ’ಕಾರದ ಸುಳಿಯನ್ನೂ ಬರೆಯುತ್ತದೆ, ಚಲನೆಯನ್ನು ರೇಖೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನಲ್ಲಿ ಪಾತ್ರದ ಕೈ ಎಷ್ಟು ಮೆಲ್ಲಗೆ ನಿಲ್ಲಬೇಕು ಎಂಬುದನ್ನೂ ನಿರ್ಧರಿಸುತ್ತದೆ. ಕನ್ನಡದ ದುಂಡನೆಯ ಅಕ್ಷರ ಬರೆದು ಪಳಗಿದ ಕೈ ಆ ರೇಖೆಯನ್ನು ಬಾಗಿಸುವ ಹಿಡಿಕೆಗಳನ್ನು ಬೇಗ ಅರ್ಥಮಾಡಿಕೊಳ್ಳುವುದನ್ನು ತರಗತಿಯಲ್ಲಿ ಕಂಡಿದ್ದೇನೆ.

ಬ್ಲೆಂಡರ್ ಸಾಕೇ, ದುಬಾರಿ ಸಾಫ್ಟ್‌ವೇರ್ ಬೇಕೇ?

ಕಲಿಯಲು ಸಾಕು. 2025ರಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಪಡೆದ ಲಾಟ್ವಿಯಾದ ‘ಫ್ಲೋ’ ತಯಾರಾದದ್ದು ಬ್ಲೆಂಡರ್‌ನಲ್ಲಿ. ನೌಕರಿಗೆ ಹೋದಾಗ ಅಲ್ಲಿಯ ಸಾಫ್ಟ್‌ವೇರ್ ಕಲಿಯಬಹುದು.

ಸಂಶೋಧನಾ ಪ್ರಬಂಧವನ್ನು ಓದುವುದು ಹೇಗೆ?

ಹಿಂದುಮುಂದಾಗಿ ಓದಿ. ಗ್ರಾಫಿಕ್ಸ್ ಸಂಶೋಧಕರು ಸೇರುವ ಸಿಗ್ರಾಫ್ ಸಮ್ಮೇಳನ 1974ರಿಂದ ನಡೆಯುತ್ತಿದೆ. ಅಲ್ಲಿಯ ಪ್ರಬಂಧಗಳ ಮೊದಲ ಪುಟದ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಒಂದು ಅಗಲವಾದ ಚಿತ್ರ ಇರುತ್ತದೆ. ಅದನ್ನು ನೋಡಿ, ಜೊತೆಗಿರುವ ವಿಡಿಯೊ ನೋಡಿ. ಆಮೇಲೆ ನೇರವಾಗಿ ಕೊನೆಗೆ ಹೋಗಿ, ತಮ್ಮ ವಿಧಾನದ ಮಿತಿಗಳನ್ನು ಬರೆದಿರುವ ಭಾಗ ಓದಿ. ನಿಮ್ಮ ತೊಂದರೆ ಅಲ್ಲಿಯೇ ಇದ್ದರೆ ಒಂದು ವಾರದ ಶ್ರಮ ಉಳಿಯಿತು. ಸಮೀಕರಣಗಳನ್ನು ಮೂರನೆಯ ಓದಿಗೆ ಇಟ್ಟುಕೊಳ್ಳಿ. ಹೆಚ್ಚಿನ ಲೇಖಕರು ತಮ್ಮ ಸ್ವಂತ ಪುಟದಲ್ಲಿ ಪ್ರಬಂಧವನ್ನು ಉಚಿತವಾಗಿ ಇಟ್ಟಿರುತ್ತಾರೆ.

ನಮ್ಮ ತೊಂದರೆಯನ್ನು ಸಂಶೋಧಕರಿಗೆ ಮುಟ್ಟಿಸುವುದು ಹೇಗೆ?

ಇದನ್ನು ಕೇಳುವವರು ಕಡಿಮೆ, ಆದರೆ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಪಾಶ್ಚಾತ್ಯ ಸ್ಟುಡಿಯೊಗಳಿಗೆ ಹಿಮ ಬೇಕಿತ್ತು. 2013ರಲ್ಲಿ ಡಿಸ್ನಿಯವರೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರೂ ಕೂಡಿ ಹಿಮಕ್ಕೆಂದೇ ವಿಧಾನ ಕಟ್ಟಿದರು. ಬಣ್ಣದ ವೇಷದ ಮುಖದ ಮೇಲಿನ ಅಕ್ಕಿಹಿಟ್ಟಿನ ಚುಟ್ಟಿ, ಎದೆಕಟ್ಟಿನ ಮೇಲೆ ಕುಣಿಯುವ ಮಣಿಸರ, ಇವನ್ನು ನಾವು ಕೇಳದೆ ಯಾರು ಕೇಳುತ್ತಾರೆ?

ಮಣಿಸರದ ವಿಷಯದಲ್ಲಿ ನನಗಾದದ್ದನ್ನೇ ಹೇಳುತ್ತೇನೆ. ನಮ್ಮ ಮಂಡಿ ಕುಣಿತದಲ್ಲಿ ಸೀರೆ ಸರಿಹೋದ ಮೇಲೂ ಕೊರಳ ಸರಗಳು ರಬ್ಬರಿನಂತೆ ಹಿಗ್ಗುತ್ತಿದ್ದವು. ಬಟ್ಟೆ, ಸರಪಣಿಗಳ ಸಿಮ್ಯುಲೇಷನ್ ಮಾಡುವ ವಿದೇಶದ ಸಂಶೋಧಕರೊಬ್ಬರಿಗೆ ‘ಮಣಿಸರ ಸರಿಯಾಗಿ ಬರುತ್ತಿಲ್ಲ, ಸಹಾಯ ಮಾಡಿ’ ಎಂದು ಬರೆದೆ. ಉತ್ತರ ಬರಲಿಲ್ಲ. ಎರಡು ತಿಂಗಳ ನಂತರ ಪಾತ್ರ, ವೇಷ, ರಂಗ ಎಲ್ಲವನ್ನೂ ತೆಗೆದುಹಾಕಿ, 40 ಮಣಿಗಳ ಒಂದೇ ಸರವಿರುವ ಪುಟ್ಟ ಫೈಲ್ ಮಾಡಿದೆ. 17ನೆಯ ಫ್ರೇಮಿನಲ್ಲಿ ಸರ ಮೂಲ ಉದ್ದದ ಒಂದೂವರೆ ಪಟ್ಟಾಗುತ್ತದೆ ಎಂದು ಅಳೆದು ಬರೆದೆ, ನಿಜವಾದ ಕುಣಿತದ ಹತ್ತು ಸೆಕೆಂಡಿನ ವಿಡಿಯೊ ಜೊತೆಗಿಟ್ಟೆ. ಮೂರನೆಯ ದಿನಕ್ಕೆ ಉತ್ತರ ಬಂತು, ಅದೂ ಒಂದೇ ಪ್ರಶ್ನೆ: ‘ಮಣಿಯ ತೂಕ ಎಷ್ಟು, ದಾರದ ತೂಕ ಎಷ್ಟು?’

ಎರಡನ್ನೂ ನಾನು ಎಂದೂ ತೂಗಿರಲಿಲ್ಲ. ಮೇಳದವರೊಬ್ಬರಿಂದ ಹಳೆಯ ಸರ ಪಡೆದು, ಮಾಟುಂಗದ ಮಾರುಕಟ್ಟೆಯ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆ. ಮಣಿಗಳು ಟೊಳ್ಳು, ಹಗುರ. ದಾರ ನಾನೆಣಿಸಿದ್ದಕ್ಕಿಂತ ದಪ್ಪ. ನನ್ನ ಫೈಲಿನಲ್ಲಿ ಮಣಿ ದಾರದ ಸಾವಿರ ಪಟ್ಟು ಭಾರವಾಗಿತ್ತು. ಹಗುರ ದಾರಕ್ಕೆ ಭಾರದ ಮಣಿ ಕಟ್ಟಿದರೆ ಈ ಬಗೆಯ ಲೆಕ್ಕ ಹೊಂದಿಕೊಳ್ಳಲು ಬಹಳ ಸುತ್ತು ಬೇಕು; ಸುತ್ತು ಸಾಲದೆ ದಾರ ಹಿಗ್ಗಿದಂತೆ ಕಾಣುತ್ತದೆ. ನಿಜವಾದ ತೂಕ ತುಂಬಿದೆ, ಸರ ನಿಂತಿತು.

ಪೂರ್ತಿಯಾಗಿ ಅಲ್ಲ. ಸುತ್ತು ರಭಸಕ್ಕೆ ಏರಿದಾಗ ಎರಡು ಸರಗಳು ಈಗಲೂ ಒಂದರೊಳಗೊಂದು ತೂರಿಹೋಗುತ್ತವೆ, 31ನೆಯ ಫ್ರೇಮಿನಲ್ಲಿ, ಎಡಭುಜದ ಬಳಿ. ಆ ಫೈಲ್ ಕೋಣೆಯ ಕಂಪ್ಯೂಟರಿನಲ್ಲಿ ‘ಮಣಿಸರ-2’ ಎಂಬ ಹೆಸರಿನಲ್ಲಿದೆ. ಭಾನುವಾರ ಬಂದವರು ಯಾರು ಬೇಕಾದರೂ ತೆರೆದು ನೋಡಬಹುದು.